‘ಒಪ್ಪಂದಕ್ಕೆ ದೂರ’ವೋ, ‘ತಾಳೆದೂರ’ವೋ?

ಗೆಳೆಯರೇ,

ದಾವಣಗೆರೆಯಲ್ಲಿ ವಿಕಿರಣ ಚಿಕಿತ್ಸೆಯ ವಿಭಾಗವೊಂದರಲ್ಲಿ ನನ್ನ ಕೆಲಸ. ಹೊಸದಾಗಿ ಸೇರಿದ ಟೆಕ್ನಿಶಿಯನ್ ಹುಡುಗರಿಗೆಂದು ಕನ್ನಡದಲ್ಲಿ ನಾಲ್ಕು ಪುಟ ಬರೆಯಲು ಕೂತು ಮೂರು ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲನೆಯದು ಡಿಸ್ಟ್ರಿಬ್ಯೂಷನ್: ಡೋಸ್, ಅಂದರೆ ಮೈ ಹೀರಿಕೊಳ್ಳುವ ವಿಕಿರಣದ ಪ್ರಮಾಣ, ಎಲ್ಲೆಲ್ಲಿ ಎಷ್ಟೆಷ್ಟು ಬಿದ್ದಿದೆ ಎಂಬುದು. ‘ಡೋಸ್ ವಿತರಣೆ’ ಅಂದರೆ ನನಗೆ ನ್ಯಾಯಬೆಲೆ ಅಂಗಡಿಯ ಸಾಲು ನೆನಪಾಗುತ್ತದೆ. (ನಮ್ಮೂರಲ್ಲಿ ಡೋಸ್ ಅಂದರೂ ದೋಸೆ ಎಂದೇ ಕೇಳಿಸುತ್ತದೆ, ಅದು ಬೇರೆ ಮಾತು.) ‘ಹರವು’ ಆಗಬಹುದು ಅನ್ನಿಸಿದೆ. ಸುಗ್ಗಿಯಲ್ಲಿ ಡಾಂಬರು ರಸ್ತೆ ಮೇಲೆ ಮೆಕ್ಕೆಜೋಳ ಹರವಿರುತ್ತಾರಲ್ಲ: ನಡುವೆ ದಪ್ಪ, ಅಂಚಿಗೆ ತೆಳು, ಆಚೆಗೆ ಚೆದುರಿದ ನಾಲ್ಕು ಕಾಳು. ಗಡ್ಡೆಯ ಸುತ್ತ ಡೋಸೂ ಹಾಗೇ.

ಎರಡನೆಯದೇ ನಿಜವಾದ ತಲೆನೋವು. ಕಂಪ್ಯೂಟರ್ ಲೆಕ್ಕ ಹಾಕಿದ ಹರವನ್ನೂ ಫ್ಯಾಂಟಮ್ (ರೋಗಿಯ ಮೈಯ ಬದಲಿಗೆ ಇಡುವ ಮಾದರಿ) ಇಟ್ಟು ಅಳೆದ ಹರವನ್ನೂ ಹೋಲಿಸಬೇಕು. ಡೋಸ್ ಸಮನಾಗಿರುವ ನಡುಭಾಗದಲ್ಲಿ ಶೇಕಡಾ ಎಷ್ಟು ಹೆಚ್ಚುಕಡಿಮೆ ಎಂದು ನೋಡಿದರೆ ಸಾಕು. ಅಂಚಿನಲ್ಲಿ ಅದು ನಡೆಯದು. ಅಲ್ಲಿ ಡೋಸ್ ಮಿಲಿಮೀಟರಿಗೆ 10% ಇಳಿಯುತ್ತಿದೆ ಅಂದುಕೊಳ್ಳಿ. ಹರವು ಬರೀ 1 ಮಿ.ಮೀ. ಸರಿದರೂ ಅದೇ ಬಿಂದುವಿನಲ್ಲಿ 10% ವ್ಯತ್ಯಾಸ! ಹಾಗಾಗಿ ಪ್ರಶ್ನೆಯನ್ನೇ ತಿರುಗಿಸುತ್ತಾರೆ: ಇಲ್ಲಿ ಇರಬೇಕಾಗಿದ್ದ ಡೋಸ್ ಎಷ್ಟು ದೂರದಲ್ಲಿ ಸಿಕ್ಕಿತು? ಇಂಗ್ಲಿಷಿನಲ್ಲಿ ‘ಡಿಸ್ಟೆನ್ಸ್ ಟು ಅಗ್ರಿಮೆಂಟ್’ ಎನ್ನುವ ಆ ದೂರವನ್ನು ಅನುವಾದದ ಟಿಪ್ಪಣಿಯೊಂದು ‘ಒಪ್ಪಂದಕ್ಕೆ ದೂರ’ ಎಂದು ಕರೆದಿತ್ತು. ಬದುವಿನ ಜಗಳ ಇನ್ನೂ ರಾಜಿಗೆ ಬಂದಿಲ್ಲವೇನೋ ಅನ್ನಿಸಿತು. ಮಂಡಿಯ ಗುಮಾಸ್ತರು ಲೆಕ್ಕ ‘ತಾಳೆ ನೋಡು’ತ್ತಾರಲ್ಲ, ಆ ತಾಳೆಯನ್ನೇ ಎತ್ತಿಕೊಂಡು ‘ತಾಳೆದೂರ’ ಎಂದು ಬರೆದಿದ್ದೇನೆ. ಓದುವವರಿಗೆ ತಾಳೆಮರ ಅಡ್ಡ ಬಂದೀತೇ?

ಮೂರನೆಯದು ಗ್ಯಾಮಾ ಇಂಡೆಕ್ಸ್. 1998ರಲ್ಲಿ ವೈದ್ಯಕೀಯ ಭೌತವಿಜ್ಞಾನಿ ಡೇನಿಯಲ್ ಲೋ ಮತ್ತು ಸಂಗಡಿಗರು ಡೋಸಿನ ವ್ಯತ್ಯಾಸ, ದೂರ ಎರಡನ್ನೂ ಒಂದೇ ಅಂಕಿಗೆ ತಂದರು. ಒಂದನ್ನು 3%ರಿಂದ, ಇನ್ನೊಂದನ್ನು 3 ಮಿ.ಮೀ.ಯಿಂದ (ಇವು ಅವರು ಇಟ್ಟುಕೊಂಡ ಮಿತಿಗಳು) ಭಾಗಿಸಿ, ವರ್ಗ ಮಾಡಿ ಕೂಡಿಸಿ, ವರ್ಗಮೂಲ ತೆಗೆಯುವುದು. ಸುತ್ತಲ ಬಿಂದುಗಳಲ್ಲಿ ಸಿಗುವ ಅತಿ ಕಡಿಮೆ ಬೆಲೆ 1 ದಾಟದಿದ್ದರೆ ಪಾಸ್. ಗ್ಯಾಮಾ ಕಿರಣಕ್ಕೂ ಇದಕ್ಕೂ ಸಂಬಂಧವಿಲ್ಲ. ನಾವು ಚಿಕಿತ್ಸೆ ಕೊಡುವ ಲಿನಿಯಾಕ್ ಯಂತ್ರದಿಂದ ಬರುವುದು ಎಕ್ಸ್‌ರೇ, ರೋಗಿಗಳ ಬಾಯಲ್ಲಿ ‘ಕರೆಂಟ್’. ಆದರೂ ಮೊನ್ನೆ ‘ಗ್ಯಾಮಾ ಫೇಲ್’ ಎಂದದ್ದಕ್ಕೆ ಹುಡುಗನೊಬ್ಬ ಬಾಗಿಲ ಕಡೆ ಎರಡು ಹೆಜ್ಜೆ ಸರಿದ.

‘ತಾಳೆಯಂಕ’ ಎನ್ನೋಣವೆಂದರೆ ಅರ್ಥ ತಿರುವುಮುರುವಾಗುತ್ತದೆ: ಅಂಕಿ ಏರಿದಷ್ಟೂ ತಾಳೆ ಕೆಟ್ಟಿದೆ ಎಂದು ಲೆಕ್ಕ. ‘ಅಂತರಾಂಕ’ ಸರಿಹೋದೀತೇ? ಇಲ್ಲ, ಗ್ಯಾಮಾವನ್ನೇ ಬಿಟ್ಟು ಕೆಳಗೊಂದು ಅಡಿಟಿಪ್ಪಣಿ ಹಾಕಲೇ?