ಪದಚರ್ಚೆ: ಚರ್ಚಿನ ‘ಗ್ಯಾಲರಿ’, ‘ಬ್ಲ್ಯಾಕ್’ ಸದಸ್ಯರು, ‘ಕಣ್ತಪ್ಪಿದ’ ಚರಿತ್ರೆ (ಶುಕ್ರವಾರದೊಳಗೆ ಬೇಕು)

ಸು.ಮ. ಬರೆದದ್ದು:

ಬಳಗಕ್ಕೆ ನಮಸ್ಕಾರ. ಅಮೆರಿಕದ ಮೆಥಡಿಸ್ಟ್ (ಒಂದು ಪ್ರೊಟೆಸ್ಟಂಟ್ ಪಂಗಡ) ಚರ್ಚಿನಲ್ಲಿದ್ದ ಕಪ್ಪು ಸದಸ್ಯರ ಚರಿತ್ರೆಯನ್ನು ಕಾಪಿಡುವ ಬಗ್ಗೆ ಹತ್ತು ಫಲಕಗಳು ಕನ್ನಡಕ್ಕೆ ಆಗುತ್ತಿವೆ. ಶುಕ್ರವಾರ ಸಂಜೆ ಅಚ್ಚಿಗೆ ಹೋಗಬೇಕು. ಓದುವವರಲ್ಲಿ ಅರ್ಧ ಜನ ಇಲ್ಲಿನ ಕ್ರೈಸ್ತ ಸಭೆಗಳವರು, ಉಳಿದವರು ಚರ್ಚಿನೊಳಗೆ ಕಾಲಿಡದವರು.

ತಲೆಬರಹಕ್ಕೆ ‘ಕಣ್ತಪ್ಪಿದ ಚರಿತ್ರೆ’ ಎಂದಿಟ್ಟಿದ್ದೇನೆ, ಸಮಾಧಾನವಿಲ್ಲ. ‘ಬ್ಲ್ಯಾಕ್’ ಎಂಬುದಕ್ಕೆ ಕರಿಯ, ಕಪ್ಪುವರ್ಣೀಯ, ಕಪ್ಪುಜನ ಮೂರೂ ಕರಡಿನಲ್ಲಿ ಬೆರೆತಿವೆ. ಫಿಲಡೆಲ್ಫಿಯಾದ ಸೇಂಟ್ ಜಾರ್ಜಸ್ ಚರ್ಚಿನೊಳಗೆ ಕಪ್ಪು ಸದಸ್ಯರನ್ನು ಕೂರಲು ಕಳಿಸಿದ ಎತ್ತರದ ‘ಗ್ಯಾಲರಿ’ಗೆ ಸದ್ಯಕ್ಕೆ ‘ಬಾಲ್ಕನಿ’. ಆ ಚರ್ಚಿನಿಂದ ಕಪ್ಪು ಸದಸ್ಯರಾದ ರಿಚರ್ಡ್ ಅಲೆನ್, ಅಬ್ಸಲೋಮ್ ಜೋನ್ಸ್ ಮತ್ತು ಜೊತೆಯವರು ಎದ್ದು ಹೊರಟದ್ದಕ್ಕೆ ‘ಸಭಾತ್ಯಾಗ’. ಹೋಲಿಕೆಗೆಂದು ಒಂದು ಫಲಕದಲ್ಲಿ ನ್ಯೂಯಾರ್ಕಿನ ಹೆನ್ರಿ ಸ್ಟ್ರೀಟಿನ ಸೇಂಟ್ ಆಗಸ್ಟೀನ್ಸ್ ಚರ್ಚಿದೆ. ಅದರ ‘ಸ್ಲೇವ್ ಗ್ಯಾಲರಿ’ಗೆ ‘ದಾಸರ ಬಾಲ್ಕನಿ’.

ವ್ಯುತ್ಪತ್ತಿ ಆಮೇಲಿರಲಿ, ದಯವಿಟ್ಟು ಮೊದಲು ಪದ ಕೊಡಿ.

ಗೋ.ಕೃ. ಬರೆದದ್ದು:

> ಕಪ್ಪುವರ್ಣೀಯ

ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ತೆಗೆಯಿರಿ.

‘ಕರಿಯರು’ ಎಂಬ ಅಚ್ಚಗನ್ನಡ ಪದವಿರುವಾಗ ಈ ಕಸಿ ಏಕೆ? ಕರಿದಾದ ಮುಗಿಲು ಕಾರ್ಮುಗಿಲಾಯಿತು, ಅದರಲ್ಲಿ ಯಾರಿಗೂ ಅವಮಾನ ಕಾಣಲಿಲ್ಲ. ನಾಡಿನ ಹೆಸರಿಗೇ ಕರಿಮಣ್ಣಿನ ನಾಡು ಎಂಬ ನಿಷ್ಪತ್ತಿ ಹೇಳುವವರಿದ್ದಾರೆ. ಮಕ್ಕಳಿಗೆ ಕರಿಯಪ್ಪ, ಕರಿಯಮ್ಮ ಎಂದು ಹೆಸರಿಡುವ ಜನ ನಾವು. ಇಂಗ್ಲಿಷಿನವರ ನಾಚಿಕೆಯನ್ನು ಕನ್ನಡದ ಮೇಲೆ ಹೇರಬೇಡಿ.

ಎಲ್.ಡಿ. ಬರೆದದ್ದು:

ಕರಿಯಪ್ಪನಲ್ಲಿ ಗೌರವ ಇರುವುದು ‘ಅಪ್ಪ’ದಲ್ಲಿ. ಅದನ್ನು ಕಿತ್ತು ‘ಏ ಕರಿಯಾ’ ಎಂದು ಕೂಗಿದರೆ ಏನಾಗುತ್ತದೆ ಎಂದು ಗೋ.ಕೃ. ಅವರಿಗೂ ಗೊತ್ತು. ಪತ್ರಿಕೆಗಳು ದಶಕಗಳ ಕಾಲ ‘ಕರಿಯರು, ಬಿಳಿಯರು’ ಎಂದು ಬರೆದವು, ನಿಜ. ‘ನೀಗ್ರೋ’ ಎಂದೂ ಬರೆದವು.

‘ವರ್ಣೀಯ’ ನನಗೂ ಬೇಡ, ಆದರೆ ಅರಿಸಮಾಸವೆಂದಲ್ಲ. ವರ್ಣ ಎಂದೊಡನೆ ನಮ್ಮ ಓದುಗನ ತಲೆ ಚಾತುರ್ವರ್ಣ್ಯಕ್ಕೆ ಹೋಗುತ್ತದೆ. ‘ಜನಾಂಗ’ ಎಂದರೆ ‘ನಮ್ಮ ಜನಾಂಗದ ಹುಡುಗ’ ಎನ್ನುವ ಮದುವೆ ಮಾತಿಗೆ. ‘ಕಪ್ಪುಜನ’ ಇಟ್ಟುಕೊಳ್ಳಿ, ಒಂದೇ ಪದವಾಗಿ. ಇಂಗ್ಲಿಷಿನಲ್ಲಿ ಈಗ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದು, ಇದು ಬಣ್ಣವಲ್ಲ, ಒಂದು ಸಮುದಾಯದ ಹೆಸರು ಎಂದು ತೋರಿಸುತ್ತಾರೆ. ನಮ್ಮ ಲಿಪಿಯಲ್ಲಿ ಆ ಸೌಕರ್ಯವಿಲ್ಲ. ಬಿಡಿಸಿ ‘ಕಪ್ಪು ಜನ’ ಎಂದರೆ ವರ್ಣನೆ, ಕೂಡಿಸಿ ‘ಕಪ್ಪುಜನ’ ಎಂದರೆ ಹೆಸರು. ಹತ್ತೂ ಫಲಕಗಳಲ್ಲಿ ಕೂಡಿಸಿಯೇ ಬರೆಯಿರಿ. ಅಕ್ಷರ ಜೋಡಿಸುವವರು ಸಾಲು ಸರಿಹೊಂದಿಸಲು ನಡುವೆ ಒಡೆಯುತ್ತಾರೆ, ಕರಡಚ್ಚಿನಲ್ಲಿ ಅದನ್ನೇ ಹುಡುಕಿ.

ಸಂಘ, ಸಭೆಗಳ ಹೆಸರಿನಲ್ಲಿ ಮಾತ್ರ ಕೈಹಾಕಬೇಡಿ. 1787ರ ಏಪ್ರಿಲ್‌ನಲ್ಲಿ ಅಲೆನ್, ಜೋನ್ಸ್ ಕಟ್ಟಿದ್ದು ‘ಫ್ರೀ ಆಫ್ರಿಕನ್ ಸೊಸೈಟಿ’. 1816ರಲ್ಲಿ ಸ್ವತಂತ್ರವಾದದ್ದು ‘ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್’ ಚರ್ಚ್. ‘ಆಫ್ರಿಕನ್’ ಅವರೇ ಆರಿಸಿಕೊಂಡ ಪದ.

ಇನ್ನು ‘ಬಾಲ್ಕನಿ’. ಇದು ಅನರ್ಥ. ಕನ್ನಡಿಗನಿಗೆ ಬಾಲ್ಕನಿ ಎಂದರೆ ಟಾಕೀಸಿನ ದುಬಾರಿ ಟಿಕೆಟ್ಟು. ಕೆಳಗಿರುವುದು ಗಾಂಧಿ ಕ್ಲಾಸು. ‘ಕಪ್ಪುಜನರನ್ನು ಬಾಲ್ಕನಿಗೆ ಕಳಿಸಿದರು’ ಎಂದರೆ ಮರ್ಯಾದೆ ಮಾಡಿದರು ಎಂದೇ ಓದಿಕೊಳ್ಳುತ್ತಾರೆ. ‘ಉಪ್ಪರಿಗೆ’ಯೂ ಬೇಡ, ಅದು ಸಿರಿವಂತರ ಮನೆಯದು. ‘ಅಟ್ಟಣಿಗೆ’ ನೋಡಿ. ಎತ್ತರದಲ್ಲಿದೆ, ಮರದ್ದು, ಆದರೆ ಮೇಲುಸ್ಥಾನದ ವಾಸನೆ ಇಲ್ಲ.

‘ಸಭಾತ್ಯಾಗ’ ಎರಡು ಬಗೆಯಲ್ಲಿ ತಪ್ಪು. ವಿಧಾನಸಭೆಯ ನೆನಪಾಗುತ್ತದೆ ಎಂಬುದು ಸಣ್ಣದು. ಪ್ರೊಟೆಸ್ಟಂಟ್ ಕನ್ನಡದಲ್ಲಿ ‘ಸಭೆ’ ಎಂದರೇ ಚರ್ಚು, ಹಾಗಾಗಿ ಸಭಾತ್ಯಾಗ ಎಂದರೆ ಪಂಗಡವನ್ನೇ ಬಿಟ್ಟರು ಎಂದಾಗುತ್ತದೆ. ಅಲೆನ್ ಬಿಡಲಿಲ್ಲ. 1794ರ ಜುಲೈನಲ್ಲಿ ಅವರ ಬೇತೇಲ್ ಪ್ರಾರ್ಥನಾ ಮಂದಿರವನ್ನು ಪ್ರತಿಷ್ಠಿಸಿದವರು ಮೆಥಡಿಸ್ಟ್ ಬಿಷಪ್ ಫ್ರಾನ್ಸಿಸ್ ಆಸ್ಬರಿ. ಬೇರೆಯಾಗಲು ಇಪ್ಪತ್ತೆರಡು ವರ್ಷ ಹಿಡಿಯಿತು, ನ್ಯಾಯಾಲಯವನ್ನೂ ಹತ್ತಬೇಕಾಯಿತು. ‘ಎದ್ದು ಹೊರನಡೆದರು’ ಎನ್ನಿ, ಸಾಕು. ಹೆಸರನ್ನು ‘ಬೇತೇಲ್’ ಎಂದೇ ಬರೆಯಿರಿ, ಕನ್ನಡ ಬೈಬಲ್ಲಿನಲ್ಲಿ ಹಾಗೇ ಇದೆ. ‘ಬೆಥೆಲ್’ ಎಂದರೆ ಸಭೆಯವರಿಗೆ ಪರಕೀಯ.

ಗೋ.ಕೃ. ಬರೆದದ್ದು:

ಅಟ್ಟಣಿಗೆ ಒಪ್ಪಿದೆ. ಕಾರಣ ಬೇರೆ. ‘ಅಟ್ಟು’ ಎಂದರೆ ಓಡಿಸು. ಅಟ್ಟಿದ ಜಾಗ ಅಟ್ಟ. ಪದದೊಳಗೇ ಚರಿತ್ರೆ ಕೂತಿದೆ.

ಎಲ್.ಡಿ. ಬರೆದದ್ದು:

ಕೂತಿಲ್ಲ. ಅಟ್ಟ ಎಂದರೆ ಎತ್ತರದ ಕಟ್ಟಡ, ಸಂಸ್ಕೃತದಲ್ಲೂ ಇದೆ, ‘ಅಟ್ಟಾಲಿಕಾ’ ನೋಡಿ. ಯಾರು ಯಾರಿಂದ ತೆಗೆದುಕೊಂಡರು ಎಂದು ಜಗಳವಾಡಬಹುದು. ‘ಓಡಿಸು’ವಿಗೂ ಅದಕ್ಕೂ ಸಂಬಂಧವಿಲ್ಲ.

ನಾ.ಹೆ. ಬರೆದದ್ದು:

ಇದೇ ವಿಷಯಕ್ಕೆ ನನಗೆ ಖಾಸಗಿಯಾಗಿ ಬಂದ ಸಲಹೆಯೊಂದಕ್ಕೆ ಇಲ್ಲೇ ಉತ್ತರಿಸುತ್ತೇನೆ. ‘ಬ್ಲ್ಯಾಕ್ ಕ್ರೈಸ್ತರು’ ಎಂಬುದಕ್ಕೆ ‘ಸಿದ್ದಿ ಕ್ರೈಸ್ತರು’ ಅಥವಾ ‘ಹಬಶಿಗಳು’ ಎನ್ನಬಾರದೇ ಎಂದು. ಬಾರದು. ಹಬಶಿ ಎಂದರೆ ಅಬಿಸೀನಿಯದವನು, ಅಂದರೆ ಇಂದಿನ ಇಥಿಯೋಪಿಯದ ಕಡೆಯವನು. ಬೀದರಿನ ಹಬಶಿ ಕೋಟೆ ಗುಡ್ಡದ ಗೋರಿಗಳ ಚರಿತ್ರೆಗೆ ಆ ಪದ ಸಲ್ಲುತ್ತದೆ, ಫಿಲಡೆಲ್ಫಿಯಾಕ್ಕಲ್ಲ. ಸಿದ್ದಿ ಎಂಬುದು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಬದುಕಿರುವ ಸಮುದಾಯದ ಹೆಸರು, 2003ರಿಂದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿರುವ ಹೆಸರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಸಿದ್ದಿ ಕ್ರೈಸ್ತರ ಚರಿತ್ರೆಯನ್ನು ಬರೆಯಬೇಕಾದರೆ ಅದಕ್ಕೇ ಬೇರೆ ಫಲಕ ಮಾಡಿ. ಇನ್ನೊಬ್ಬರ ಫಲಕಕ್ಕೆ ಅವರ ಹೆಸರನ್ನು ಅಂಟಿಸಬೇಡಿ.

ರ.ವಿ. ಬರೆದದ್ದು:

‘ಕಣ್ತಪ್ಪಿದ’ ಬಗ್ಗೆ ಯಾರೂ ಹೇಳಲಿಲ್ಲ. ಕಣ್ತಪ್ಪುವುದು ಆಕಸ್ಮಿಕ, ಅದರಲ್ಲಿ ಯಾರ ಕೈಯೂ ಇಲ್ಲ. ಇಲ್ಲಿ ಕೈಗಳಿವೆ. ‘ಕಡೆಗಣಿಸಲ್ಪಟ್ಟ’ ಎಂದರೂ ಮಾಡಿದವನು ಮಾಯ, ಕರ್ಮಣಿ ಪ್ರಯೋಗದ ಉಪಕಾರವೇ ಅದು. ‘ಚರ್ಚು ಬದಿಗೊತ್ತಿದ ಚರಿತ್ರೆ’ ಎಂದಿಡಿ. ಕರ್ತೃ ಸಮೇತ ಮೂರು ಪದ.

ಬದಿಗೊತ್ತುವುದು ದಫ್ತರದಲ್ಲಿ ಹೇಗೆ ನಡೆಯುತ್ತದೆ ಎಂಬುದು ಅನುವಾದಕ್ಕೂ ಬೇಕು. ಹಳೆಯ ದೀಕ್ಷಾಸ್ನಾನದ ದಾಖಲೆಗಳಲ್ಲಿ ಗುಲಾಮರಿಗೆ ಎಷ್ಟೋ ಕಡೆ ಮೊದಲ ಹೆಸರು ಮಾತ್ರ ಇರುತ್ತದೆ. ಮನೆತನದ ಹೆಸರಿನ ಅಂಕಣ ಖಾಲಿ, ಪಕ್ಕದಲ್ಲಿ ‘ಇಂಥವರ ಸೇವಕ’ ಎಂಬ ಒಕ್ಕಣೆ. ಮುಂದೆ ಯಾರೋ ಮನೆತನದ ಹೆಸರಿನ ಅಕಾರಾದಿಯಲ್ಲಿ ಸೂಚಿ ತಯಾರಿಸುತ್ತಾರೆ. ಖಾಲಿ ಅಂಕಣದವರು ಸೂಚಿಯಿಂದಲೇ ಹೊರಗೆ, ಇಲ್ಲವೆ ಯಜಮಾನನ ಹೆಸರಿನಡಿಗೆ. ಹುಡುಕುವವರು ಸೂಚಿಯನ್ನಷ್ಟೇ ನೋಡಿ ‘ಇಲ್ಲಿ ಕಪ್ಪುಜನರು ಇರಲಿಲ್ಲ’ ಎಂದು ಬರೆಯುತ್ತಾರೆ. ಪುಟದಲ್ಲಿ ಅವರಿದ್ದಾರೆ.

ಎರಡನೆಯ ಎಡವಟ್ಟು ಛಾಯಾಪ್ರತಿಯಲ್ಲಿ. ಬಣ್ಣವನ್ನು ಸೂಚಿಸುವ ಗುರುತು ಅಂಚಿನಲ್ಲಿ ಒಂದೆರಡು ಅಕ್ಷರದ ಸಂಕ್ಷೇಪವಾಗಿ ಇರುವುದುಂಟು. ಸ್ಕ್ಯಾನ್ ಮಾಡಿದವರು ಅಂಚು ಕತ್ತರಿಸಿ ‘ಚೊಕ್ಕ’ ಮಾಡಿದರೆ ಗುರುತು ಹೋಯಿತು. ಪುಟದ ನಾಲ್ಕೂ ಅಂಚು, ಹೊಲಿಗೆಯ ಸಂದು, ಖಾಲಿ ಹಾಳೆ, ಎಲ್ಲವೂ ಚಿತ್ರದಲ್ಲಿ ಬರಬೇಕು.

ಫಲಕದಲ್ಲಿ ದಾಖಲೆಯ ಸಾಲು ತೋರಿಸುವಾಗ ಮೂರು ಪದರ ಬೇರೆಯಾಗಿರಲಿ: ಮೂಲದ ಒಕ್ಕಣೆ ಇದ್ದ ಹಾಗೇ, ಕಾಗುಣಿತದ ತಪ್ಪೂ ಸೇರಿ, ಕೆಳಗೆ ಕನ್ನಡ, ಅದರ ಕೆಳಗೆ ಬೇರೆ ಅಚ್ಚಿನಲ್ಲಿ ನಿಮ್ಮ ವಿವರಣೆ. ದಾಖಲೆಯಲ್ಲಿ ‘ನೀಗ್ರೋ’ ಎಂದಿದ್ದರೆ ಮೊದಲ ಪದರದಲ್ಲಿ ನೀಗ್ರೋ ಎಂದೇ ಇರಬೇಕು. ಅಲ್ಲಿ ‘ಕಪ್ಪುಜನ’ ಎಂದು ತಿದ್ದಿದರೆ ಬರೆದವನ ಮುಖವನ್ನು ನಾವೇ ತೊಳೆದಂತೆ. ‘ಸೇವಕ’ ಎಂದಿದ್ದರೆ ಎರಡನೆಯ ಪದರದಲ್ಲಿ ಸೇವಕ, ಮೂರನೆಯದರಲ್ಲಿ ‘ಆ ಕಾಲದ ದಾಖಲೆಗಳಲ್ಲಿ ಈ ಪದ ಗುಲಾಮರನ್ನೂ ಸೂಚಿಸುತ್ತಿತ್ತು’ ಎಂದು. ಖಾಲಿ ಅಂಕಣವನ್ನು ಖಾಲಿಯೆಂದೇ ತೋರಿಸಿ. ಯಜಮಾನನ ಹೆಸರಿನಿಂದ ತುಂಬಬೇಡಿ.

ಮೆಥಡಿಸ್ಟರ ‘ಕ್ಲಾಸ್’ ಎಲ್ಲಾದರೂ ಬಂದಿದೆಯೇ? ಅದು ತರಗತಿಯೂ ಅಲ್ಲ, ವರ್ಗವೂ ಅಲ್ಲ. ಹತ್ತು ಹನ್ನೆರಡು ಜನ ವಾರಕ್ಕೊಮ್ಮೆ ಒಬ್ಬ ಮುಂದಾಳಿನ ಜೊತೆ ಸೇರುತ್ತಿದ್ದ ಗುಂಪು. ‘ಕೂಟ’ ಎಂದರೆ ಆದೀತು. ‘ಕಪ್ಪುಜನರ ವರ್ಗ’ ಎಂದಿರೋ, ಚರ್ಚೆ ಎಲ್ಲಿಗೋ ಹೋಗುತ್ತದೆ.

ಸು.ಮ. ಬರೆದದ್ದು:

ಬಂದಿದೆ, ‘ತರಗತಿ’ ಎಂದೇ ಬರೆದಿದ್ದೆ. ತಿದ್ದಿದೆ. ‘ಸ್ಲೇವ್ ಗ್ಯಾಲರಿ’ ಉಳಿದಿದೆ.

ಗೋ.ಕೃ. ಬರೆದದ್ದು:

‘ತೊತ್ತುಗಳ ಅಟ್ಟಣಿಗೆ.’ ಇಲ್ಲವೇ ‘ಜೀತದಾಳುಗಳ ಅಟ್ಟಣಿಗೆ.’ ‘ಗುಲಾಮ’ ಅರಬ್ಬಿ. ಇಸ್ಪೀಟಿಗಿರಲಿ.

ಎಲ್.ಡಿ. ಬರೆದದ್ದು:

ತೊತ್ತು ಎಂದರೆ ಹೆಂಗಸು, ಅದೂ ಬೈಗುಳ. ಜೀತದಲ್ಲಿ ಸಾಲವಿದೆ, ಕರಾರಿದೆ. ಲೆಕ್ಕದ ಮಟ್ಟಿಗಾದರೂ ತೀರಿಸುವ ದಾರಿ ಇದೆ. ಅಮೆರಿಕದಲ್ಲಿ ಮನುಷ್ಯನೇ ಆಸ್ತಿ, ಹುಟ್ಟುವ ಮಗುವೂ ಆಸ್ತಿ. ಜೀತ ಎಂದರೆ ಅದನ್ನು ಹಗುರ ಮಾಡಿದಂತೆ. ಕರಡಿನ ‘ದಾಸರ ಬಾಲ್ಕನಿ’ಯಂತೂ, ಕ್ಷಮಿಸಿ, ಪುರಂದರದಾಸರು ತಂಬೂರಿ ಹಿಡಿದು ಮೇಲೆ ಕೂತಿದ್ದಾರೆ ಎಂದೇ ಓದಿಸಿಕೊಳ್ಳುತ್ತದೆ. ಕನ್ನಡದಲ್ಲಿ ‘ದಾಸ’ ಎಂಬುದು ಪದವಿ. ಸದ್ಯ ಗುಲಾಮನೊಬ್ಬನೇ ಉಳಿದವನು.

ಅರಬ್ಬಿ ಬೇಡವೆಂದರೆ ‘ಪಾದ್ರಿ’ಯನ್ನೂ ‘ಇಗರ್ಜಿ’ಯನ್ನೂ ಪೋರ್ಚುಗೀಸರಿಗೆ ವಾಪಸು ಕೊಡಿ. ‘ಚರ್ಚು’ ಕೂಡ ಹೋಗಲಿ. ಆಮೇಲೆ ಫಲಕದಲ್ಲಿ ಏನು ಉಳಿಯಿತು ನೋಡೋಣ.

ಗೋ.ಕೃ. ಬರೆದದ್ದು:

ಸಾಲ ತಂದವನು ಸಾಲವನ್ನೇ ಸಂಪತ್ತು ಎನ್ನುವುದು ಈ ಬಳಗದ ರೋಗ. ವ್ಯಾಕರಣ ಬರೆದ ಕೇಶಿರಾಜ ಕೂಡ ಎಲ್ಲಕ್ಕೂ ಬಾಗಿಲು ತೆರೆಯಲಿಲ್ಲ.

ರ.ವಿ. ಬರೆದದ್ದು:

ಕೇಶಿರಾಜ ಅಪವಾದಗಳನ್ನೂ ಕೊಟ್ಟ. ಅದಿರಲಿ.

ಹೆನ್ರಿ ಸ್ಟ್ರೀಟಿನದಕ್ಕೆ ಇನ್ನೊಂದು ತೊಡಕಿದೆ. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕಾನೂನಿನ ಪ್ರಕಾರ ಕೊನೆಯಾದದ್ದು 1827ರ ಜುಲೈ 4ರಂದು. ಆ ಚರ್ಚು ಕಟ್ಟಿದ್ದು 1828ರ ಸುಮಾರಿಗೆ. ಆರ್ಗನ್ನಿನ ಎಡಕ್ಕೊಂದು ಬಲಕ್ಕೊಂದು ಇರುವ ಆ ಎರಡು ಇಕ್ಕಟ್ಟಾದ ಕೋಣೆಗಳಲ್ಲಿ ಕೂತವರು ಕಾನೂನಿನ ಕಣ್ಣಿಗೆ ಸ್ವತಂತ್ರರು. ಆದರೂ ಅವಕ್ಕೆ ಉಳಿದ ಹೆಸರು ಅದೇ. ಆದ್ದರಿಂದ ‘ಗುಲಾಮರು ಕೂರುತ್ತಿದ್ದ ಅಟ್ಟಣಿಗೆ’ ಎಂದು ಬಿಡಿಸಿ ಬರೆದರೆ ಸುಳ್ಳಾಗುವ ಸಂಭವವಿದೆ. ‘ಗುಲಾಮರ ಅಟ್ಟಣಿಗೆ ಎಂದು ಹೆಸರಾದ’ ಎಂದರೆ ಸರಿ.

ಸೇಂಟ್ ಜಾರ್ಜಸ್‌ನ ಇಸವಿಯನ್ನೂ ನೋಡಿಕೊಳ್ಳಿ. ಅಲೆನ್ ತಮ್ಮ ನೆನಪಿನಲ್ಲಿ ಕೊಟ್ಟದ್ದು 1787. ಆದರೆ ಅಲ್ಲಿ ಅಟ್ಟಣಿಗೆ ಕಟ್ಟಿದ್ದು 1792ರಲ್ಲಿ ಎಂಬ ಆಧಾರದ ಮೇಲೆ ಇತಿಹಾಸಕಾರರು ಘಟನೆಯನ್ನು ಆ ಕಡೆಗೆ ಸರಿಸುತ್ತಾರೆ. ಚರ್ಚಿನ ಲೆಕ್ಕದ ಪುಸ್ತಕವನ್ನು ಎಸೆಯಬಾರದು ಎನ್ನುವುದು ಇದಕ್ಕೇ: ಮರ, ಮೊಳೆ, ಬಡಗಿಯ ಕೂಲಿ ಬರೆದ ಪುಟವೇ ಇಂಥ ಇಸವಿಯನ್ನು ಇತ್ಯರ್ಥ ಮಾಡುವುದು. ಒಂದೇ ಇಸವಿ ಹಾಕಿ ಗಟ್ಟಿ ಮಾಡಬೇಡಿ, ಎರಡನ್ನೂ ಕೊಡಿ.

ಕೊನೆಗೆ, ಬೇತೇಲ್ ಸಭೆ 1810ರಲ್ಲಿ ಕೊಂಡ ಹೂಳುವ ನೆಲಕ್ಕೆ ‘ಗೋರಿಗಳು’ ಎಂದು ಬರೆದಿದ್ದರೆ ತೆಗೆಯಿರಿ. ಅಲ್ಲಿ 5,000ಕ್ಕೂ ಹೆಚ್ಚು ಜನ ಮಣ್ಣಾಗಿದ್ದಾರೆ, ಮೇಲೆ ಕಾಣುವುದು ಮಕ್ಕಳ ಆಟದ ಮೈದಾನ. ಗೋರಿ ಎಂದರೆ ಓದುಗ ಕಲ್ಲು ಹುಡುಕುತ್ತಾನೆ. ‘ಸಮಾಧಿ ನೆಲ’ ಸಾಕು.

ಸು.ಮ. ಬರೆದದ್ದು:

ಎಲ್ಲರಿಗೂ ಕೃತಜ್ಞತೆ. ಅಚ್ಚಿಗೆ ಹೋಗುತ್ತಿರುವ ಪಾಠ, ಮೂರನೆಯ ಫಲಕದ್ದು:

‘ಚರ್ಚು ಬದಿಗೊತ್ತಿದ ಚರಿತ್ರೆ. ಸೇಂಟ್ ಜಾರ್ಜಸ್‌ನಲ್ಲಿ ಕಪ್ಪುಜನರ ಸಂಖ್ಯೆ ಹೆಚ್ಚಿದಾಗ, ಅವರನ್ನು ಮೊದಲು ಕೂರುತ್ತಿದ್ದ ಆಸನಗಳಿಂದ ಗೋಡೆಯ ಬದಿಗೆ ಸರಿಸಿದರು. ಆಮೇಲೆ ಒಂದು ಭಾನುವಾರ ಅಟ್ಟಣಿಗೆಗೆ ಅಟ್ಟಿದರು. ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಅಬ್ಸಲೋಮ್ ಜೋನ್ಸರನ್ನು ಹಿಡಿದೆಳೆದರು. ಪ್ರಾರ್ಥನೆ ಮುಗಿದ ಮೇಲೆ ಅವರೆಲ್ಲ ಒಟ್ಟಿಗೆ ಎದ್ದು ಹೊರನಡೆದರು. ಅಲೆನ್ ನೆನಪಿನಂತೆ ಇದು 1787. ಅಟ್ಟಣಿಗೆ ಕಟ್ಟಿದ ಕಾಲ ನೋಡಿದರೆ 1792.’

ಗೋ.ಕೃ. ಬರೆದದ್ದು:

> ಅಟ್ಟಣಿಗೆಗೆ ಅಟ್ಟಿದರು

ನಾನು ಹೇಳಿದ್ದು ಇದನ್ನೇ.

ಎಲ್.ಡಿ. ಬರೆದದ್ದು:

ಅದು ಅನುಪ್ರಾಸ. ವ್ಯುತ್ಪತ್ತಿಯಲ್ಲ.