9 ಹಾಕಿದರೆ 938 ತೂಗುತ್ತದೆ, ಇದ್ಯಾವ ತಕ್ಕಡಿ ಸರ್?

ಪ್ರಶ್ನೆ: ಸರ್, ನಮಸ್ಕಾರ. ನನ್ನದು ಗಾಂಧಿಬಜಾರಿನಲ್ಲಿ ದಿನಸಿ ಅಂಗಡಿ. ಭಾನುವಾರ ಮಗನನ್ನು ತಾರಾಲಯಕ್ಕೆ ಕರೆದುಕೊಂಡು ಹೋಗಿದ್ದೆ. ಒಂಬತ್ತನೇ ಕ್ಲಾಸು. ವಾಪಸ್ ಬರುವಾಗ ಬಸ್ಸಿನಲ್ಲಿ ಮೊಬೈಲ್ ನೋಡಿಕೊಂಡು ಒಂದು ಲೆಕ್ಕ ಹೇಳಿದ. ಎಲ್ಲ ವಸ್ತುವಿನ ಪರಮಾಣುವಿನ ನಡುವೆ ಇರುವ ಪ್ರೋಟಾನ್ ಅನ್ನುವ ಕಣದೊಳಗೆ ಎರಡು ಅಪ್ ಕ್ವಾರ್ಕು, ಒಂದು ಡೌನ್ ಕ್ವಾರ್ಕು. ಅಪ್ ತೂಕ 2.2, ಡೌನ್ ತೂಕ 4.7. ಕೂಡಿದರೆ 9 ಚಿಲ್ಲರೆ. ಆದರೆ ಪ್ರೋಟಾನ್ 938 ತೂಗುತ್ತದಂತೆ! ಮೂವತ್ತು ವರ್ಷದಿಂದ ತಕ್ಕಡಿ ಹಿಡಿದಿದ್ದೇನೆ, ಇಂಥ ವ್ಯಾಪಾರ ನೋಡಿಲ್ಲ. ಉಳಿದದ್ದು ಎಲ್ಲಿಂದ ಬಂತು?

ಉತ್ತರ (ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಮಲ್ಲೇಶ್ವರ): ನಿಮ್ಮ ಮಗನ ಲೆಕ್ಕ ಸರಿ ಇದೆ. ಆ ಅಂಕಿಗಳು ಕಣಗಳಿಗೆ ಬಳಸುವ ಅಳತೆಯಾದ ಮೆಗಾ ಎಲೆಕ್ಟ್ರಾನ್ ವೋಲ್ಟಿನಲ್ಲಿವೆ. ಗ್ರಾಮಿಗೆ ಇಳಿಸಿದರೂ ಪಾಲು ಬದಲಾಗುವುದಿಲ್ಲ. ಪುಸ್ತಕದಲ್ಲಿ ದ್ರವ್ಯರಾಶಿ ಅನ್ನುತ್ತಾರೆ, ನಾವಿಲ್ಲಿ ತೂಕ ಅಂತಲೇ ಇಟ್ಟುಕೊಳ್ಳೋಣ. ಪರೀಕ್ಷೆಯಲ್ಲಿ ಮಾತ್ರ ಹಾಗೆ ಬರೆಯಬೇಡ ಅಂತ ಹೇಳಿ.

ಕ್ವಾರ್ಕು ಅಂದರೆ ಪ್ರೋಟಾನಿನ ಇಟ್ಟಿಗೆ ಅಂತ ಎಲ್ಲರೂ ಬರೆಯುತ್ತಾರೆ. ಎಡವಟ್ಟು ಅಲ್ಲೇ ಶುರು. ಗೋಡೆಯ ತೂಕ ಅಂದರೆ ಇಟ್ಟಿಗೆಗಳ ತೂಕ, ಅಲ್ವಾ? ಪ್ರೋಟಾನಿನಲ್ಲಿ ಹಾಗಲ್ಲ. ಬಹಳ ಇಕ್ಕಟ್ಟಾದ ಜಾಗದಲ್ಲಿ ಕ್ವಾರ್ಕುಗಳು ಬೆಳಕಿನ ವೇಗದ ಹತ್ತಿರ ಓಡಾಡುತ್ತಿರುತ್ತವೆ. ಅವನ್ನು ಹಿಡಿದಿಡುವುದು ಗ್ಲುವಾನ್. ಅದಕ್ಕೆ ಸ್ವಂತ ತೂಕವೇ ಇಲ್ಲ. ಆದರೆ ಆ ಓಟದಲ್ಲಿ, ಆ ಹಿಡಿತದಲ್ಲಿ ಇರುವ ಶಕ್ತಿಯೇ ತಕ್ಕಡಿಯಲ್ಲಿ ತೂಕವಾಗಿ ಕಾಣುತ್ತದೆ. ಶಕ್ತಿಗೂ ತೂಕ ಇದೆ ಅಂತ ಐನ್‌ಸ್ಟೈನ್ 1905ರಲ್ಲೇ ಹೇಳಿದ್ದ. ನಿಮ್ಮ ಅಂಗಡಿಯ 25 ಕೆಜಿ ಸೋನಾ ಮಸೂರಿ ಮೂಟೆ ತಗೊಳ್ಳಿ. ಅದರಲ್ಲಿ ಕ್ವಾರ್ಕುಗಳ ಸ್ವಂತ ತೂಕ ಕಾಲು ಕೆಜಿ ಆಸುಪಾಸು. ಮಿಕ್ಕಿದ್ದು ಹೆಚ್ಚುಕಡಿಮೆ ಎಲ್ಲಾ ಶಕ್ತಿ.

ಪ್ರಶ್ನೆ (ಇನ್ನೊಬ್ಬರು): ಒಂದು ಕ್ವಾರ್ಕನ್ನು ಹೊರಗೆ ತೆಗೆದು ತೂಗಿ ನೋಡಿದ್ದಾರಾ ಸರ್?

ಉತ್ತರ: ಆಗುವುದಿಲ್ಲ. ಪೊಟ್ಟಣಕ್ಕೆ ಹಾಕುವ ರಬ್ಬರ್ ಬ್ಯಾಂಡನ್ನು ಕತ್ತರಿಸಿ ಎಳೆಯಿರಿ. ಎಳೆದಷ್ಟೂ ಬಿಗಿ. ಕೊನೆಗೆ ಪಟ್ ಅಂತ ತುಂಡಾಗುತ್ತದೆ. ಕೈಗೆ ಒಂಟಿ ತುದಿ ಸಿಕ್ಕಿತಾ? ಇಲ್ಲ, ಪ್ರತಿ ತುಂಡಿಗೂ ಮತ್ತೆ ಎರಡು ತುದಿ. ಕ್ವಾರ್ಕು ಎಳೆದರೂ ಹಾಗೇ. ನೀವು ಹಾಕಿದ ಶಕ್ತಿಯಿಂದಲೇ ಹೊಸ ಕ್ವಾರ್ಕು ಜೋಡಿ ಹುಟ್ಟಿ, ತುದಿಗೆ ಅಂಟಿಕೊಂಡುಬಿಡುತ್ತದೆ. ಹಾಗಾಗಿ 2.2, 4.7 ಅನ್ನುವುದೆಲ್ಲ ಸುತ್ತು ದಾರಿಯಿಂದ ಸಿಕ್ಕ ಅಂಕಿ.

ಪ್ರಶ್ನೆ (ಅವರೇ): ಮತ್ತೆ ಒಳಗಿದೆ ಅಂತ ಹೇಗೆ ಗೊತ್ತಾಯಿತು?

ಉತ್ತರ: ಮೂಟೆಗೆ ಕೊಳವೆ ಚುಚ್ಚಿ ಅಕ್ಕಿ ನೋಡುವಾಗ ಒಳಗೆ ಕಲ್ಲಿದ್ದರೆ ಟಕ್ ಅನ್ನುತ್ತದಲ್ಲ, ಹಾಗೆ. ಗೆಲ್‌ಮನ್ ಮತ್ತು ಜ್ವೈಗ್ ಅನ್ನುವ ಇಬ್ಬರು ಭೌತವಿಜ್ಞಾನಿಗಳು 1964ರಲ್ಲಿ ಬೇರೆಬೇರೆಯಾಗಿ ಕ್ವಾರ್ಕಿನ ವಿಚಾರ ಮುಂದಿಟ್ಟರು. ಬರೀ ಲೆಕ್ಕದ ಅನುಕೂಲ ಅಂತ ತುಂಬಾ ಜನ ಅಂದುಕೊಂಡಿದ್ದರು. ಆಮೇಲೆ ಅಮೆರಿಕದ ಸ್ಟ್ಯಾನ್‌ಫೋರ್ಡಿನಲ್ಲಿ 3 ಕಿಲೋಮೀಟರ್ ಉದ್ದದ ಯಂತ್ರ ಕಟ್ಟಿ (ಗಾಂಧಿಬಜಾರಿನಿಂದ ಮಾರ್ಕೆಟ್ಟಿಗೆ ಹೋದಷ್ಟು ದೂರ ಅನ್ನಿ) ಪ್ರೋಟಾನಿಗೆ ಎಲೆಕ್ಟ್ರಾನ್ ಹೊಡೆದರು. ಪ್ರೋಟಾನ್ ಮೆತ್ತಗಿದ್ದಿದ್ದರೆ ಎಲೆಕ್ಟ್ರಾನು ಅಷ್ಟು ಓರೆಯಾಗಿ ಸಿಡಿಯಬಾರದಿತ್ತು. ಸಿಡಿಯಿತು. ಒಳಗೆ ಚಿಕ್ಕ ಗಟ್ಟಿ ಕಾಳುಗಳಿವೆ ಅಂತ ಆಗ, 1968ರ ಸುಮಾರಿಗೆ, ಸುಳಿವು ಸಿಕ್ಕಿತು. ಫ್ರೀಡ್‌ಮನ್, ಕೆಂಡಲ್, ಟೇಲರ್‌ಗೆ ಅದಕ್ಕಾಗಿ 1990ರಲ್ಲಿ ನೊಬೆಲ್ ಬಂತು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲೂ (ಭಾರತೀಯ ವಿಜ್ಞಾನ ಸಂಸ್ಥೆ) ಈ ಕಣಗಳ ಮೇಲೆ ಕೆಲಸ ಮಾಡಿದವರಿದ್ದಾರೆ. 2024ರಲ್ಲಿ ತೀರಿಕೊಂಡ ರೋಹಿಣಿ ಗೋಡ್‌ಬೋಲೆ ಅವರಲ್ಲೊಬ್ಬರು.

ಪ್ರಶ್ನೆ (ಅಂಗಡಿಯವರು): ಸರ್, ಹಾಗಾದರೆ ಆ 9 ಲೆಕ್ಕಕ್ಕೇ ಇಲ್ಲವಾ? ಸುಮ್ನೆ ಚಿಲ್ಲರೆ ಅಂತ ಬಿಟ್ಟುಬಿಡೋದಾ?

ಉತ್ತರ: ಬಿಡಬೇಡಿ, ಇಲ್ಲಿ ಚಿಲ್ಲರೆಯದ್ದೇ ಆಟ! ಪರಮಾಣುವಿನಲ್ಲಿ ಪ್ರೋಟಾನಿನ ಜೊತೆಗಿರುವ ನ್ಯೂಟ್ರಾನಿನಲ್ಲಿ ಅಪ್ ಒಂದು, ಡೌನ್ ಎರಡು. ಡೌನ್ ತೂಕ ಜಾಸ್ತಿ, ಹಾಗಾಗಿ ನ್ಯೂಟ್ರಾನು ಪ್ರೋಟಾನಿಗಿಂತ 1.3 ಹೆಚ್ಚು ತೂಗುತ್ತದೆ. ಇದರಿಂದಲೇ ಒಂಟಿಯಾಗಿ ಬಿಟ್ಟ ನ್ಯೂಟ್ರಾನು ಸರಾಸರಿ 15 ನಿಮಿಷದಲ್ಲಿ ಒಡೆದು ಪ್ರೋಟಾನ್ ಆಗುತ್ತದೆ. ಪ್ರೋಟಾನೇ ಅಷ್ಟು ಹೆಚ್ಚು ತೂಗಿದ್ದರೆ ಒಡೆಯುವ ಸರದಿ ಅದರದ್ದಾಗುತ್ತಿತ್ತು. ಆಗ ನಡುವೆ ಒಂದೇ ಪ್ರೋಟಾನ್ ಇರುವ ಹೈಡ್ರೋಜನ್ ಉಳಿಯುತ್ತಿರಲಿಲ್ಲ, ನೀರೂ ಇರುತ್ತಿರಲಿಲ್ಲ.

ಅಂಗಡಿಯವರು: ತುಂಬಾ ಥ್ಯಾಂಕ್ಸ್ ಸರ್. ಮಗನಿಗೆ ಓದಿ ಹೇಳಿದ್ದೇ ತಪ್ಪಾಯಿತು, ಅವನು ರಬ್ಬರ್ ಬ್ಯಾಂಡಿನ ಅರ್ಧ ಪ್ಯಾಕೆಟ್ ಕತ್ತರಿಸಿ ಕೂತಿದ್ದಾನೆ.