‘ಮಾಚಿ’ಗೆ ಕನ್ನಡದಲ್ಲಿ ಏನೆನ್ನೋಣ?

ಪುಣೆಯ ಕನ್ನಡಿಗ ಗೆಳೆಯರು ತೆಗೆದ ಸಹ್ಯಾದ್ರಿ ಕೋಟೆಗಳ ಚಿತ್ರಗಳಿಗೆ ಅಡಿಬರಹ ಬರೆಯುತ್ತಿದ್ದೇನೆ. ಬುರುಜು, ಕಂದಕ, ಹೆಬ್ಬಾಗಿಲು, ದಿಡ್ಡಿ ಬಾಗಿಲು ಇವೆಲ್ಲ ಸಲೀಸಾಗಿ ಬಂದವು. ಲೇಖನಿ ನಿಂತದ್ದು ‘ಮಾಚಿ’ ಎಂಬ ಮರಾಠಿ ಪದದ ಬಳಿ.

ಮಾಚಿ ಎಂದರೇನೆಂದು ತಿಳಿಯಲು ರಾಜಗಡ ಕೋಟೆಯನ್ನೇ ನೋಡಿ; ಅದನ್ನು ಕಾಣದವರಿಗಾಗಿ ಒಂದಿಷ್ಟು ವಿವರ. ನಡುವೆ ಕಡಿದಾದ ಬಂಡೆಯ ಮೇಲೆ ಬಾಲೇಕಿಲ್ಲಾ, ಅಂದರೆ ಎಲ್ಲಕ್ಕಿಂತ ಎತ್ತರದ ಒಳಕೋಟೆ. ಅದಕ್ಕಿಂತ ಕೆಳಗೆ ಬೆಟ್ಟವು ಮೂರು ದಿಕ್ಕಿಗೆ ಚಾಚಿಕೊಂಡಿದೆ: ಪದ್ಮಾವತಿ, ಸುವೇಳಾ, ಸಂಜೀವನಿ. ಈ ಚಾಚುಗಳಿಗೆ ಗೋಡೆ ಕಟ್ಟಿ ಕೋಟೆಯೊಳಗೆ ಸೇರಿಸಿಕೊಂಡಾಗ ಮರಾಠಿಯಲ್ಲಿ ಮಾಚಿ ಎನ್ನುತ್ತಾರೆ. ನೆಲದ ಆಕಾರ, ಕಟ್ಟಡ ಎರಡನ್ನೂ ಒಂದೇ ಪದ ಹೊತ್ತಿದೆ. ತೊಡಕು ಇರುವುದೂ ಅಲ್ಲಿಯೇ.

ಬಾಲೇಕಿಲ್ಲಾಕ್ಕೆ ಚಿತ್ರದುರ್ಗದವರ ‘ಮೇಲುದುರ್ಗ’ ಚೆನ್ನಾಗಿ ಹೊಂದುತ್ತದೆ. ಹಾಗಾದರೆ ಮಾಚಿ ‘ಕೆಳದುರ್ಗ’ವಾಗಲಿ ಎಂದರು ಒಬ್ಬರು. ನಾನು ಒಪ್ಪಲಾರೆ. ಕೆಳದುರ್ಗ ಎಂದೊಡನೆ ಬೆಟ್ಟದ ಬುಡ ನೆನಪಾಗುತ್ತದೆ. ತೋರಣಾ ಕೋಟೆಯ ಝುಂಜಾರ ಮಾಚಿಯ ಅಂಚಿಗೆ ಹೋದವರನ್ನು ಬುಡ ಎಲ್ಲಿದೆ ಎಂದು ಕೇಳಿ ನೋಡಿ! ‘ಪ್ರಸ್ಥಭೂಮಿ’ ಭೂಗೋಳದ ಪಾಠದ ಪದ, ಅದರಲ್ಲಿ ಕೋಟೆಯ ಸುಳಿವೇ ಇಲ್ಲ. ‘ಜಗಲಿ’ ನನಗೆ ಇಷ್ಟ. ಗುಡಿ, ಕೆರೆ ಇರುವ ಅಗಲವಾದ ಪದ್ಮಾವತಿಗೆ ಅದು ಸಲ್ಲುತ್ತದೆ. ಆದರೆ ನಮ್ಮಲ್ಲಿರುವ ಅತ್ಯುತ್ತಮ ಚಿತ್ರ ಸಂಜೀವನಿಯದು: ಬಾಲೇಕಿಲ್ಲಾದಿಂದ ತೆಗೆದದ್ದು, ಓರೆಬಿಸಿಲಿನಲ್ಲಿ ಜೋಡಿಗೋಡೆಗಳ ನಡುವಿನ ಓಣಿ ಕಪ್ಪು ಗೆರೆಯಾಗಿ ಬಳುಕಿದೆ. ಅಷ್ಟು ಕಿರಿದಾಗಿ, ಉದ್ದಕ್ಕೆ ಹರಿದಿರುವುದನ್ನು ಜಗಲಿ ಎನ್ನಲು ನಾಲಿಗೆ ಹೊರಳದು.

ಸದ್ಯಕ್ಕೆ ‘ಕೋಟೆಚಾಚು’ ಎಂದು ಬರೆದಿಟ್ಟಿದ್ದೇನೆ. ಹೆಸರಿನ ಭಾಗವಾಗಿ ಬಂದಲ್ಲಿ ‘ಸಂಜೀವನಿ ಮಾಚಿ’ ಎಂದೇ ಉಳಿಯಬೇಕು, ಅದರಲ್ಲಿ ಅನುಮಾನವಿಲ್ಲ.

ತೊಡಕಿನ ಇನ್ನೊಂದು ಮರಾಠಿ ಪದ ‘ಕಡಾ’, ಅಂದರೆ ಬೆಟ್ಟದ ನೆಟ್ಟನೆಯ ಕಲ್ಲಿನ ಕಡಿತ. ಹರಿಶ್ಚಂದ್ರಗಡದ ಕೊಂಕಣ ಕಡಾದ ಚಿತ್ರಕ್ಕೆ ಎಲ್ಲರೂ ‘ಪ್ರಪಾತ’ ಎನ್ನುತ್ತಾರೆ. ಪ್ರಪಾತವು ಮೇಲೆ ನಿಂತು ಕೆಳಗೆ ಬಗ್ಗಿ ನೋಡುವವನ ಪದ. ಕೊಂಕಣದ ಕಡೆಯಿಂದ ತಲೆಯೆತ್ತಿ ತೆಗೆದ ಚಿತ್ರಕ್ಕೆ ಅದು ಹೇಗೆ ಒಪ್ಪೀತು? ಮಲೆನಾಡಿನ ‘ದರೆ’ ಎನ್ನೋಣವೆಂದರೆ ಅದು ಮಣ್ಣಿನದು. ಇದು ಕಲ್ಲಿನ ಗೋಡೆ.

2025ರಲ್ಲಿ ರಾಜಗಡವೂ ಸೇರಿ ಮರಾಠರ 12 ಕೋಟೆಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಬಂದಿವೆ. ಕನ್ನಡದಲ್ಲಿ ಈ ಪದಗಳು ಪದೇ ಪದೇ ಬೇಕಾಗುತ್ತವೆ. ಬೆಳಗಾವಿಯ ರಾಜಹಂಸಗಡ, ಸವದತ್ತಿಯ ಪಾರಸಗಡದ ಆಸುಪಾಸಿನವರು ಗುಡ್ಡದ ಇಂಥ ಚಾಚಿಗೂ ಕೆಳಗಿನಿಂದ ಕಾಣುವ ಕಲ್ಲಿನ ಕಡಿತಕ್ಕೂ ಏನೆನ್ನುತ್ತಾರೆ? ನಿಘಂಟಿನ ಪದಕ್ಕಿಂತ ಅಲ್ಲಿಯ ಕುರಿಗಾಹಿಗಳ ಬಾಯಲ್ಲಿರುವ ಪದ ಸಿಕ್ಕರೆ ಹೆಚ್ಚು ಸಂತೋಷ.